ಹನ್ನೊಂದು ವೋಟಿನ ಯಜಮಾನ

ಮಂಡ್ಯ ಜಿಲ್ಲೆಯ ಯಾವ ಊರಿಗೆ ಹೋದರೂ ಇವರು ಸಿಗುತ್ತಾರೆ. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ಹೆಗಲ ಮೇಲೆ ಟವಲ್ಲು, ಜೇಬಿನಲ್ಲಿ ಮೂರೂ ಪಕ್ಷದ ಮುಖಂಡರ ವಿಸಿಟಿಂಗ್ ಕಾರ್ಡು. ಇವರಿಗೊಂದು ಹೆಸರಿದೆ, ಆದರೆ ಚುನಾವಣೆ ಘೋಷಣೆಯಾದ ದಿನದಿಂದ ಎಣಿಕೆ ಮುಗಿಯುವ ತನಕ ಅದು ಬಳಕೆಯಲ್ಲಿರುವುದಿಲ್ಲ. ಆ ಒಂದೂವರೆ ತಿಂಗಳು ಇವರು 'ಹನ್ನೊಂದು ವೋಟಿನ ಯಜಮಾನ್ರು'. ಹಿಂದಿನ ಬೀದಿಯಲ್ಲಿ ಏಳು ವೋಟಿನವರೊಬ್ಬರಿದ್ದಾರೆ. ಅವರಿಗೂ ಇವರಿಗೂ ಮಾತಿಲ್ಲ.

ಹನ್ನೊಂದರ ಲೆಕ್ಕ ಹೀಗೆ: ಯಜಮಾನರು, ಅವರ ಹೆಂಡತಿ, ಎಂಬತ್ತು ದಾಟಿದ ಅವ್ವ, ದೊಡ್ಡ ಮಗ, ಸೊಸೆ, ಇನ್ನೂ ಮದುವೆಯಾಗದ ಚಿಕ್ಕ ಮಗ, ತಮ್ಮ, ತಮ್ಮನ ಹೆಂಡತಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನ ಮಗ, ಕಾಲೇಜಿಗೆ ಹೋಗುವ ತಮ್ಮನ ಮಗಳು. ಹತ್ತಾಯಿತು. ಹನ್ನೊಂದನೆಯದು ಮದುವೆಯಾಗಿ ಮೈಸೂರು ಸೇರಿದ ಮಗಳದು. ಬಸಿರು ಬಾಣಂತನಕ್ಕೆಲ್ಲ ಅವಳನ್ನು ಗಂಡನ ಮನೆಗೇ ಬಿಟ್ಟುಕೊಟ್ಟ ಯಜಮಾನರು ಮತದಾರರ ಪಟ್ಟಿಯಲ್ಲಿ ಮಾತ್ರ ಬಿಟ್ಟುಕೊಟ್ಟಿಲ್ಲ. ತಮ್ಮನ ಜೊತೆ ಗದ್ದೆ ಪಾಲಾಗಿ, ಒಲೆ ಬೇರೆಯಾಗಿ ಎಷ್ಟೋ ಕಾಲವಾಯಿತು. ವೋಟು ಮಾತ್ರ ಪಾಲಾಗಿಲ್ಲ, ಒಟ್ಟು ಕುಟುಂಬದಲ್ಲೇ ಇದೆ. ಹಾಗಂತ ಯಜಮಾನರು ಹೇಳುತ್ತಾರೆ. ತಮ್ಮನನ್ನು ಕೇಳಿದವರಿಲ್ಲ.

ಇಂಥವರ ಮುಂದೆ 'ಯಾವ ವಿಷಯ ನೋಡಿ ವೋಟು ಹಾಕ್ತೀರಿ' ಎಂಬ ಪ್ರಶ್ನೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ 2023ರ ವಿಧಾನಸಭಾ ಚುನಾವಣೆಯೇ ಸಾಕು. ಟೀವಿಯವರು ಮೈಕು ಹಿಡಿದು ಬಂದಾಗ ಯಜಮಾನರು ಟವಲ್ಲು ಸರಿಮಾಡಿಕೊಂಡು ಒಂದೇ ಮಾತು ಹೇಳಿದರು: 'ಅಭಿವೃದ್ಧಿ.' ಟೀವಿಗೆ ಹೇಳುವುದಕ್ಕೆಂದೇ ಇಟ್ಟಿರುವ ಪದ ಅದು, ಊರಲ್ಲಿ ಬೇರೆ ಯಾರ ಮುಂದೆಯೂ ಅದನ್ನು ತೆಗೆಯುವುದಿಲ್ಲ. ರೈತಸಂಘದವರು ಬಂದಾಗ ವಿಷಯ ಕಬ್ಬಿನ ಬೆಲೆಯಾಯಿತು, ಮೈಷುಗರ್ ಕಾರ್ಖಾನೆಯಾಯಿತು. 1933ರಲ್ಲಿ ಶುರುವಾದ ಆ ಕಾರ್ಖಾನೆ ನಿಂತು ಹೊರಟು ಮಾಡುತ್ತ ಅದೆಷ್ಟು ಪ್ರಣಾಳಿಕೆಗಳನ್ನು ಅರೆದಿದೆಯೋ, ಕಬ್ಬನ್ನಾದರೂ ಅಷ್ಟು ಅರೆದಿತ್ತೋ ಇಲ್ಲವೋ. ಪಕ್ಷದವರು ಬಂದಾಗ ವಿಷಯ ಮನೆ ಮುಂದಿನ ಚರಂಡಿ. ಇನ್ನೊಂದು ಪಕ್ಷದವರಿಗೂ ಅದೇ ಚರಂಡಿ. ಆ ವರ್ಷ ಎಲ್ಲರ ಬಾಯಲ್ಲೂ ಇದ್ದದ್ದು ಗುತ್ತಿಗೆದಾರರ ಸಂಘ ಮಾಡಿದ ನಲವತ್ತು ಪರ್ಸೆಂಟ್ ಕಮಿಷನ್ ಆರೋಪ. ಯಜಮಾನರು ಅದನ್ನೂ ಚರಂಡಿಯ ಮೂಲಕವೇ ಅರ್ಥ ಮಾಡಿಕೊಂಡಿದ್ದರು. 'ನಲ್ವತ್ತು ಒಡ್ಕಂಡ್ರೂ ಮಿಕ್ಕ ಅರ್ವತ್ತರಲ್ಲಿ ಅರ್ಧ ಚರಂಡಿನಾದ್ರೂ ಆಗ್ಬೇಕಿತ್ತಲ್ವಾ? ನಮ್ದು ಸುರುನೇ ಆಗಿಲ್ಲ. ಅಂದ್ರೆ ನಮ್ಮೂರ್ದು ನೂರು ಪರ್ಸೆಂಟು.'

ಇಷ್ಟರಲ್ಲಿ ಸಮೀಕ್ಷೆಯ ಹುಡುಗನೊಬ್ಬ ಟ್ಯಾಬ್ ಹಿಡಿದುಕೊಂಡು ಬಂದ. ಪಾಪ, ಬಿಸಿಲಲ್ಲಿ ನಡೆದು ಸುಸ್ತಾಗಿದ್ದ. ನೀರು ಮಜ್ಜಿಗೆ ಕೊಟ್ಟರು. ಅವನು ಓದಿದ: ನಿರುದ್ಯೋಗ, ಬೆಲೆ ಏರಿಕೆ, ಬಡತನ, ಭ್ರಷ್ಟಾಚಾರ, ರಸ್ತೆ ಮತ್ತು ನೀರು, ಇತರೆ.

'ನಿಮ್ಗೆ ಯಾವ್ದು ಬೇಕು?' ಅಂದರು ಯಜಮಾನರು.

'ಹಂಗಲ್ಲ ಸಾರ್, ನೀವೇ ಹೇಳ್ಬೇಕು.'

'ಮಿಕ್ಕೋರು ಏನ್ ಯೋಳವ್ರೆ?'

'ಜಾಸ್ತಿ ಜನ ನಿರುದ್ಯೋಗ ಅಂದ್ರು.'

'ಅಂಗಾರೆ ನಮ್ದೂ ಅದ್ನೇ ಆಕ್ಕಳಿ. ಹನ್ನೊಂದೂ.'

ಆ ವರ್ಷದ ಲೋಕನೀತಿ–ಸಿಎಸ್‌ಡಿಎಸ್ ಸಮೀಕ್ಷೆಯಲ್ಲಿ ನಿರುದ್ಯೋಗ ಮತ್ತು ಬಡತನವೇ ಮೊದಲೆರಡು ಸ್ಥಾನದಲ್ಲಿದ್ದವು. ಸಮೀಕ್ಷೆ ಸುಳ್ಳು ಎನ್ನುವವನು ನಾನಲ್ಲ. ನಿರುದ್ಯೋಗ ಆ ಮನೆಯೊಳಗೇ ಇತ್ತು. ಆದರೆ ಅದು ತನ್ನ ಹೆಸರನ್ನು ಬೇರೆ ಹೇಳಿತು. ಹುಡುಗ ಹೊರಟಾಗ ಚಿಕ್ಕ ಮಗ ಅವನನ್ನು ಹಟ್ಟಿಯ ಮೂಲೆಗೆ ಕರೆದು, 'ನಂದು ಬೇರೆ ಬರ್ಕೋ ಗುರು' ಅಂದ. 'ಏನು?' 'ಮದ್ವೆ.' ಹುಡುಗ ಟ್ಯಾಬನ್ನು ಮೇಲಿಂದ ಕೆಳಕ್ಕೆ ಸರಿಸಿ ನೋಡಿದ, ಮದುವೆ ಇರಲಿಲ್ಲ. 'ಇತರೆ'ಗೆ ಒತ್ತಿದ.

ಇದು ನಗುವ ಮಾತಲ್ಲ, ಆದರೂ ಮಂಡ್ಯ ಇದನ್ನು ನಗುತ್ತಲೇ ಹೇಳುತ್ತದೆ. ಗದ್ದೆ ಇದೆ, ಟ್ರ್ಯಾಕ್ಟರ್ ಇದೆ, ಹುಡುಗನಿಗೆ ಮೂವತ್ತೈದು ಸಮೀಪಿಸಿದೆ, 'ಹುಡುಗ ಬೆಂಗಳೂರಲ್ಲಿ ಏನ್ ಕೆಲ್ಸ?' ಎಂಬ ಪ್ರಶ್ನೆಯ ಮುಂದೆ ಎರಡೆಕರೆ ನೀರಾವರಿ ಸೋಲುತ್ತದೆ. 2023ರ ಫೆಬ್ರುವರಿಯಲ್ಲಿ ಹೆಣ್ಣು ಸಿಗದ ಹುಡುಗರು ಮದ್ದೂರಿನ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ಅದಾದ ಮೇಲೆ ಏಪ್ರಿಲ್‌ನಲ್ಲಿ ಜೆಡಿಎಸ್ಸಿನ ಕುಮಾರಸ್ವಾಮಿಯವರು ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ ಎರಡು ಲಕ್ಷ ಕೊಡುತ್ತೇವೆ ಎಂದರು. ಚಿಕ್ಕ ಮಗ ಆ ಸುದ್ದಿಯನ್ನು ಮೊಬೈಲಿನಲ್ಲಿ ಎರಡು ಸಲ ನೋಡಿದ. ಯಜಮಾನರು ಒಂದೇ ಸಲ ನೋಡಿ ಅಂದರು: 'ದುಡ್ ಕೊಡ್ತಾರಂತೆ ಸರಿ, ಹುಡ್ಗಿನ ಯಾರ್ ಕೊಡ್ತಾರೆ?'

ಇನ್ನು ಜಾತಿ. ಜಾತಿ ನೋಡಿ ವೋಟು ಹಾಕುತ್ತಾರೆ ಎಂದು ಬೆಂಗಳೂರಿನವರು ಇಂಥವರನ್ನು ಸುಮ್ಮನೆ ಬಯ್ಯುತ್ತಾರೆ. ಯಜಮಾನರಿಗೂ ಆಸೆ ಇಲ್ಲವೆಂದಲ್ಲ, ಅನುಕೂಲವೇ ಇಲ್ಲ. ಮೀಸಲು ಕ್ಷೇತ್ರವಾದ ಮಳವಳ್ಳಿ ಬಿಟ್ಟರೆ ಈ ಜಿಲ್ಲೆಯಲ್ಲಿ ದೊಡ್ಡ ಪಕ್ಷಗಳು ಹೆಚ್ಚಾಗಿ ನಿಲ್ಲಿಸುವುದು ಒಕ್ಕಲಿಗರನ್ನೇ. 'ಮೂರ್ ಪಾರ್ಟಿಯೋರೂ ನಮ್ಮೋರ್ನೇ ನಿಲ್ಸುದ್ರೆ ಜಾತಿ ಮೇಲೆ ವೋಟ್ ಆಕೋದ್ ಎಂಗಪ್ಪಾ? ವಿಧಿಯಿಲ್ದೆ ವಿಷ್ಯ ನೋಡ್ಬೇಕಾಯ್ತದೆ' ಎಂದು ಅವರು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನಲ್ಲಿ ಇರುವಷ್ಟು ಪ್ರಜಾಪ್ರಭುತ್ವ ನಮ್ಮ ಎಷ್ಟೋ ವಿಚಾರ ಸಂಕಿರಣಗಳಲ್ಲಿ ಇಲ್ಲ.

ಹಾಗೆ ವಿಧಿಯಿಲ್ಲದೆ ಅವರು ನೋಡುವ ವಿಷಯವಾದರೂ ಯಾವುದು? ನನಗೆ ಗೊತ್ತಿರುವ ಮಟ್ಟಿಗೆ ಅದು ಸಾವು. ತಮಾಷೆಗೆ ಹೇಳುತ್ತಿಲ್ಲ. ಯಜಮಾನರ ಅಪ್ಪ ತೀರಿಕೊಂಡಾಗ ಅಂದಿನ ಶಾಸಕರು ಬರಲಿಲ್ಲ. ಸೋತು ಮನೆಯಲ್ಲಿದ್ದ ಎದುರಾಳಿ ಬಂದ. ಚಪ್ಪಲಿ ಬಿಟ್ಟು ಹೆಣದ ಕಾಲಿಗೆ ಕೈಮುಗಿದು, ಹಾರ ಹಾಕಿ, 'ದೊಡ್ಡ ಜೀವ' ಎಂದಷ್ಟೇ ಹೇಳಿ, ಮಣ್ಣಾಗುವ ತನಕ ಗದ್ದೆಯ ಬದುವಿನ ಮೇಲೆ ನಿಂತಿದ್ದು ಹೋದ. ಹನ್ನೊಂದನೇ ದಿನದ ತಿಥಿಗೂ ಬಂದು ಎಲೆ ಮುಂದೆ ಕೂತ. ಶಾಸಕರು ಊರಿಗೆ ಮಾಡಿಸಿಕೊಟ್ಟ ಕಾಂಕ್ರೀಟ್ ರಸ್ತೆಯ ಮೇಲೇ ಹೆಣ ಹೋದದ್ದು. ಆದರೆ ಯಜಮಾನರ ನ್ಯಾಯದಲ್ಲಿ ರಸ್ತೆ ಮಾಡಿಸಿದವನಿಗಿಂತ ಮಣ್ಣಿಗೆ ಬಂದವನು ದೊಡ್ಡವನು. ಮುಂದಿನ ಚುನಾವಣೆಯಲ್ಲಿ ಅವನು ಗೆದ್ದ. ಈ ಗುಟ್ಟು ಅಭ್ಯರ್ಥಿಗಳಿಗೆಲ್ಲ ಗೊತ್ತು. ಅದಕ್ಕೇ ಅವರ ಜೊತೆಗಿರುವ ಹುಡುಗನೊಬ್ಬನ ಡೈರಿಯಲ್ಲಿ ಬೆಳಗ್ಗೆ ಎರಡು ಗೃಹಪ್ರವೇಶ, ಮಧ್ಯಾಹ್ನ ಒಂದು ಬೀಗರೂಟ, ಸಂಜೆ ಒಂದು ಸಾವು ಎಂದು ದಿನಚರಿ ಇರುತ್ತದೆ. ಊಟ ಮಾಡದೆ ಎದ್ದರೆ ಒಂದು ಮನೆಯ ವೋಟು ಹೋಗುತ್ತದೆ, ಎಲ್ಲ ಕಡೆ ಉಂಡರೆ ಅಭ್ಯರ್ಥಿಯೇ ಹೋಗುತ್ತಾನೆ. ಈ ಎರಡರ ನಡುವೆ ಬದುಕುವವನನ್ನು ನಾವು ಜನಪ್ರತಿನಿಧಿ ಎನ್ನುತ್ತೇವೆ.

ಇದನ್ನು ಕೇಳಿ ಪೇಟೆಯವರು ನಗಬಹುದು. ನಗುವ ಮುಂಚೆ ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿ ಪೋಡಿಗೆ ಅರ್ಜಿ ಕೊಟ್ಟು ನೋಡಲಿ. ಸರ್ವೆಯವನು ಬರುವುದಿಲ್ಲ, ಬಂದರೆ ಚೈನು ಇರುವುದಿಲ್ಲ, ಚೈನು ಸಿಕ್ಕರೆ ಪಕ್ಕದ ಗದ್ದೆಯವನು ಬಿಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕಬ್ಬು ಒಣಗುವ ಮುಂಚೆ ಹೊಸದು ಬರಬೇಕು. ರಾತ್ರಿ ಹನ್ನೊಂದಕ್ಕೆ ಮಗನನ್ನು ಠಾಣೆಗೆ ಕರೆದುಕೊಂಡು ಹೋದರೆ ಫೋನ್ ಎತ್ತುವವನೊಬ್ಬ ಬೇಕು. ವಿಧಾನಸೌಧದಲ್ಲಿ ಯಾವ ಮಸೂದೆಗೆ ಯಾರು ಕೈ ಎತ್ತಿದರು ಎಂಬುದು ಯಜಮಾನರಿಗೆ ತಿಳಿಯುವುದಿಲ್ಲ, ಫೋನ್ ಎತ್ತಿದ್ದು ತಿಳಿಯುತ್ತದೆ. ಮಣ್ಣಿಗೆ ಬಂದವನು ಫೋನೂ ಎತ್ತುತ್ತಾನೆ ಎಂಬುದು ಅವರ ಲೆಕ್ಕ. ಬಹಳ ಸಲ ಅದು ಸರಿಯಾಗಿರುತ್ತದೆ ಎನ್ನುವುದೇ ಬೇಸರದ ಸಂಗತಿ.

ಕುಕ್ಕರು, ಸೀರೆ, ತವಾಗಳ ವಿಷಯದಲ್ಲಿ ಇವರು ನಿರ್ವಿಕಾರಿ. ಕೊಟ್ಟವರಿಗೆ ಬೇಡವೆಂದು ಹೇಳಿ ಮನಸ್ಸು ನೋಯಿಸುವುದಿಲ್ಲ. ಆಣೆ ಹಾಕಿ ಎಂದರೆ ಹಾಕುತ್ತಾರೆ. ಒಂದು ಕಡೆಗೆ ಆಣೆ ಹಾಕಿ ಇನ್ನೊಂದು ಕಡೆಗೆ ವೋಟು ಹಾಕಿದರೆ ಪಾಪ, ನಿಜ. ಮೂರು ಕಡೆಗೂ ಆಣೆ ಹಾಕಿದರೆ ಯಾವುದಾದರೂ ಒಂದಂತೂ ಸುಳ್ಳಾಗುವುದಿಲ್ಲವಲ್ಲ ಎಂದು ಅವರ ಧರ್ಮಶಾಸ್ತ್ರ. ಬೆಲೆ ಏರಿಸುವುದಕ್ಕೆ ಅವರ ಬಳಿ ಒಂದು ಚರಿತ್ರೆಯೂ ಇದೆ. 2004ರಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣರು ಕೃಷ್ಣಮೂರ್ತಿಯವರ ಎದುರು ಗೆದ್ದದ್ದು ಒಂದೇ ಒಂದು ವೋಟಿನಲ್ಲಿ. 'ಅಲ್ಲಿ ಒಂದಕ್ಕೆ ಎಮ್ಮೆಲ್ಲೆ ಆದ್ರು. ನಂತಾವ ಹನ್ನೊಂದವೆ. ನೀವೇ ಗುಣ್ಸ್ಕಳಿ' ಅಂದು ಯಜಮಾನರು ಕಾಫಿ ತರಿಸುತ್ತಾರೆ. ಬಂದವರು ಗುಣಿಸಿಕೊಳ್ಳುತ್ತಾರೆ. ಹೀಗೆ ಇವರ ಹನ್ನೊಂದು ವೋಟು ಮೂರು ಪಕ್ಷ ಮತ್ತು ಒಬ್ಬ ಪಕ್ಷೇತರನ ನೋಟ್‌ಬುಕ್ಕಿನಲ್ಲಿ ಸೇರಿ ನಲವತ್ತನಾಲ್ಕಾಗಿದ್ದವು.

2023ರ ಆ ಸಲ ಎಂಬತ್ತು ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅನುಕೂಲ ಬಂತು. ಅವ್ವನ ವೋಟಿಗೆಂದು ಅಧಿಕಾರಿಗಳು, ಪೊಲೀಸು, ವಿಡಿಯೊ ತೆಗೆಯುವವನು ಎಲ್ಲ ಸೇರಿ ಒಂದು ಜೀಪು ತುಂಬ ಬಂದರು. ಊರಿಗೆ ಊರೇ ಬಂದು ನಿಂತಿತು. ಅಲ್ಲಿಯವರೆಗೆ ಅವ್ವನ ಕೈಹಿಡಿದು ಬೂತಿಗೆ ಕರೆದುಕೊಂಡು ಹೋಗಿ, 'ಇದ್ನೇ ಒತ್ತವ್ವ' ಎಂದು ಯಂತ್ರದ ತನಕ ಸಲಹೆ ಕೊಡುತ್ತಿದ್ದ ಯಜಮಾನರು ರೂಢಿಯಂತೆ ಪಕ್ಕ ಬಂದು ನಿಂತರು. ಅಧಿಕಾರಿ, 'ನೀವು ಹೊರಗಿರಿ' ಅಂದರು. 'ಅವ್ವಂಗೆ ಕಣ್ ಕಾಣ್ಸಲ್ಲ ಸಾರ್.' 'ಕಾಣ್ತದೆ ಬುಡಪ್ಪ' ಅಂದರು ಅವ್ವ. ರಟ್ಟಿನ ಮರೆಯ ಹಿಂದೆ ಚೀಟಿ ಹಿಡಿದು ಮುದುಕಿ ತೆಗೆದುಕೊಂಡಷ್ಟು ಸಮಯವನ್ನು ಸಂಪುಟ ರಚನೆಗೂ ಯಾರೂ ತೆಗೆದುಕೊಂಡಿರಲಾರರು. ಲಕೋಟೆ ಅಂಟಿಸಿ, ಡಬ್ಬಕ್ಕೆ ಹಾಕಿ, ಬಂದವರಿಗೆಲ್ಲ ಎಲೆಅಡಿಕೆ ಕೊಟ್ಟು ಕಳಿಸಿದರು. 'ಯಾರಿಗ್ ಆಕ್ದೆ ಅವ್ವ?' ಅಂದರು ಮಗರಾಯರು. 'ಆಕ್ದೆ ಕಣ್ಲಾ.' 'ಅದೇ, ಯಾರಿಗೆ?' 'ನನ್ ಪಿಂಚಣಿ ಮೂರು ತಿಂಗ್ಳಿಂದ ಬಂದಿಲ್ಲ ಅಂತ ನಿಂಗ್ ಯೋಳಿದ್ನಲ್ಲ, ಯಾರ್ನಾರಾ ಕೇಳಿದ್ಯಾ?' ಸಂಧ್ಯಾ ಸುರಕ್ಷೆಯ ಸಾವಿರದ ಇನ್ನೂರು ರೂಪಾಯಿ ಒಂದು ಚುನಾವಣಾ ವಿಷಯ ಎಂದು ಯಜಮಾನರಿಗೆ ಹೊಳೆದದ್ದು ಆವತ್ತೇ.

ಅವರಿಗೆ ಹೊಳೆಯದಿದ್ದವು ಇನ್ನೂ ಇದ್ದವು. ಗ್ಯಾಸ್ ಸಿಲಿಂಡರ್ ಸಾವಿರದ ನೂರು ದಾಟಿತ್ತು. ಒಲೆಯ ಮುಂದೆ ನಿಲ್ಲದವರಿಗೆ ಅದು ಪತ್ರಿಕೆಯಲ್ಲಿ ಬಂದ ಸುದ್ದಿ. ಕಾಂಗ್ರೆಸ್ಸಿನವರು ಸಹಿ ಮಾಡಿ ಹಂಚಿದ ಗ್ಯಾರಂಟಿ ಕಾರ್ಡನ್ನು ಯಜಮಾನರು ಜಗಲಿಯ ಮೇಲೆ ಓದಿ, 'ಬಿಟ್ಟಿ ಕೊಟ್ಟು ಜನಾನ ಸೋಮಾರಿ ಮಾಡ್ತಾವ್ರೆ' ಎಂದು ಒಂದು ಗಂಟೆ ಭಾಷಣ ಮಾಡಿದರು. ಆಮೇಲೆ ಒಳಗೆ ಹೋಗಿ, 'ನಮ್ ಮೀಟ್ರು ತಿಂಗ್ಳಿಗೆ ಇನ್ನೂರ್ ಯುನಿಟ್ ಒಳ್ಗೇ ಬತ್ತದಾ ನೋಡು' ಎಂದರು. ಕಾರ್ಡು ಅಷ್ಟು ಹೊತ್ತಿಗೆ ಎಲ್‌ಐಸಿ ಬಾಂಡಿನ ಜೊತೆ ರಾಗಿ ಡಬ್ಬದ ಹಿಂದೆ ಸೇರಿತ್ತು. ಮತದಾನದ ಹಿಂದಿನ ರಾತ್ರಿ ಯಜಮಾನರು ಎಲ್ಲರನ್ನೂ ಕೂರಿಸಿ ಯಾವ ಗುರುತಿಗೆ ಎಂದು ಅಪ್ಪಣೆ ಕೊಟ್ಟರು. ಎಲ್ಲರೂ 'ಹೂಂ' ಅಂದರು. ಆ ಮನೆಯ ಹೆಂಗಸರು ಯಜಮಾನರಿಗೆ ಯಾವತ್ತೂ 'ಊಹೂಂ' ಅಂದವರಲ್ಲ. ಆದ್ದರಿಂದ ಅವರ 'ಹೂಂ' ಎಂದರೆ ಏನು ಎಂದು ತಿಳಿಯುವ ದಾರಿ ಯಜಮಾನರಿಗೆ ಯಾವತ್ತೂ ಇರಲಿಲ್ಲ.

ಮೇ 13ಕ್ಕೆ ಎಣಿಕೆ. ಕಾಂಗ್ರೆಸ್ 135. ಮಂಡ್ಯದ ಏಳರಲ್ಲಿ ಅವರಿಗೆ ಐದು, ಮೇಲುಕೋಟೆಯಲ್ಲಿ ಅವರೇ ಬೆಂಬಲಿಸಿದ ದರ್ಶನ್ ಪುಟ್ಟಣ್ಣಯ್ಯ, ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಸಂಜೆ ಹೊತ್ತಿಗೆ ಯಜಮಾನರು, 'ನಾನ್ ಮೊದ್ಲೇ ಯೋಳಿರ್ಲಿಲ್ವಾ' ಎನ್ನುತ್ತಿದ್ದರು. ಈ ಜಿಲ್ಲೆಯಲ್ಲಿ ಹಾಗೆ ಹೇಳಿಕೊಳ್ಳುವುದಕ್ಕೆ ಧೈರ್ಯ ಬೇಕು. 2018ರಲ್ಲಿ ಏಳಕ್ಕೆ ಏಳನ್ನೂ ಜೆಡಿಎಸ್‌ಗೆ ಕೊಟ್ಟ ಜಿಲ್ಲೆ ಇದು. ಯಾಕೆಂದರೆ 'ಸಾಲ ಮನ್ನಾ.' ಮರುವರ್ಷವೇ ಅದೇ ಜನ ಲೋಕಸಭೆಗೆ ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನು ಬಿಟ್ಟು ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು ಒಂದೂಕಾಲು ಲಕ್ಷದ ಅಂತರದಲ್ಲಿ ಗೆಲ್ಲಿಸಿದರು. ಯಾಕೆಂದರೆ 'ಸ್ವಾಭಿಮಾನ.' ಪ್ರತಿ ಸಲವೂ ಯಜಮಾನರ ಬಳಿ ಕಾರಣ ಸಿದ್ಧವಿತ್ತು, ಪ್ರತಿ ಸಲವೂ ಅದು ಫಲಿತಾಂಶದ ಮಾರನೆಯ ದಿನ ಸಿದ್ಧವಾಯಿತು. 'ಹಂಗಲ್ಲ ಕಣ್ರೀ, ವಿಧಾನಸೌಧಕ್ಕೆ ಬ್ಯಾರೆ, ದಿಲ್ಲಿಗೆ ಬ್ಯಾರೆ' ಎಂದು ಅವರು ವಿವರಿಸುತ್ತಾರೆ. ಅದರಲ್ಲಿ ಸುಳ್ಳಿಲ್ಲ. 1984ರ ಡಿಸೆಂಬರ್‌ನಲ್ಲಿ ಇಪ್ಪತ್ತೆಂಟರಲ್ಲಿ ಇಪ್ಪತ್ತನಾಲ್ಕು ಲೋಕಸಭಾ ಸ್ಥಾನವನ್ನು ಕಾಂಗ್ರೆಸ್ಸಿಗೆ ಕೊಟ್ಟ ಕನ್ನಡಿಗರೇ 1985ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ವಿಧಾನಸಭಾ ಸ್ಥಾನ ಕೊಟ್ಟವರು.

ಆದರೆ ಎಣಿಕೆಯ ವಾರದಲ್ಲಿ ಯಜಮಾನರಿಗೆ ತಲೆನೋವಾದದ್ದು 135 ಅಲ್ಲ, ಒಂದು ಏಳು. ಹಿಂದೆ ಪೆಟ್ಟಿಗೆಗಳ ಕಾಲದಲ್ಲಿ ಚೀಟಿಗಳನ್ನು ಬೆರೆಸಿ ಎಣಿಸಬಹುದಿತ್ತು, ಯಾವ ಊರು ಯಾರಿಗೆ ಹಾಕಿತೆಂದು ಮುಚ್ಚಿಡಬಹುದಿತ್ತು. ಯಂತ್ರ ಬಂದ ಮೇಲೆ ಬೂತುವಾರು ಲೆಕ್ಕ ಬಯಲು. ಆ ಪಕ್ಷೇತರ, ಹತ್ತು ಸಾವಿರ ಠೇವಣಿಯನ್ನು ಆಗಲೇ ಕಳೆದುಕೊಂಡಿದ್ದವನು, ಕಾಗದ ಹಿಡಿದು ಜಗಲಿಗೆ ಬಂದ.

'ಅಣ್ಣ, ನಿಮ್ ಮನೇದೇ ಹನ್ನೊಂದು ಅಂದಿದ್ರಿ. ಇಡೀ ಬೂತಲ್ಲಿ ನಂಗ್ ಬಂದಿರೋದು ಏಳು.'

ಯಜಮಾನರು ಕಾಗದ ಇಸಿದುಕೊಂಡು ಕನ್ನಡಕ ಹಾಕಿ ನೋಡಿದರು. 'ಏಳ್ ಬಂದದಲ್ಲಪ್ಪಾ?'

'ಬಂದದೆ.'

'ಆ ಏಳೂ ನಮ್ಮವೇ. ನೋಡ್ದಾ, ಊರ್ನಲ್ಲಿ ಇನ್ನೊಬ್ಬ ನಿಂಗ್ ಆಕಿಲ್ಲ. ಎಂಥಾ ಜನ!'

ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಕಾಲಿಗೆ ನಮಸ್ಕಾರ ಮಾಡಿ ಹೋದ. ಗೆದ್ದವರ ಕಡೆಯವರು ಸಂಜೆ ಹಾರ ತಂದರು. ಸೋತವರಿಗೆ ಯಜಮಾನರೇ ಫೋನ್ ಮಾಡಿ, 'ನಮ್ಮ ಹನ್ನೊಂದು ಮಾತ್ರ ಅಲ್ಲಾಡಿಲ್ಲ' ಎಂದು ಸಮಾಧಾನ ಹೇಳಿದರು.

ಅಲ್ಲಿಂದ ಮುಂದೆ ಅವರ ಗ್ರಹಗತಿ ಕೆಟ್ಟಿತು. ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಉಚಿತವಾಯಿತು, ಹೆಂಡತಿಯೂ ತಮ್ಮನ ಹೆಂಡತಿಯೂ ಸಂಘದವರ ಜೊತೆ ಧರ್ಮಸ್ಥಳ ನೋಡಿ ಬಂದರು. ಆ ಎರಡು ದಿನ ಮುದ್ದೆ ತಿರುವಿದ್ದು ಸ್ವತಃ ಯಜಮಾನರು, ಉಂಡವರು ಅದರ ಬಗ್ಗೆ ಮಾತಾಡುವುದಿಲ್ಲ. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಬಂತು. ಎರಡು ಸಾವಿರ ಮನೆಯ ಯಜಮಾನಿಗೆ. ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥರು ಯಾರೆಂದು ಸರ್ಕಾರ ನೋಡಿತು. ಅವ್ವ! ಎಷ್ಟೋ ವರ್ಷದಿಂದ ಊರೆಲ್ಲ ಯಜಮಾನ್ರೇ ಎಂದು ಕರೆಯುತ್ತಿದ್ದ ಮನುಷ್ಯ ಬೀಡಿ ಕಾಸಿಗೆ ಅವ್ವನ ಮಂಚದ ಹತ್ತಿರ ನಿಲ್ಲುವ ಹಾಗಾಯಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಲಿಲ್ಲ, ಇರುವ ನೀರು ತಮಿಳುನಾಡಿಗೆ ಹರಿಯಿತೆಂದು ಹೆದ್ದಾರಿಯಲ್ಲಿ ಧರಣಿ ಕೂತದ್ದಾಯಿತು. ಅಲ್ಲೂ ಯಜಮಾನರು ಮುಂದಿನ ಸಾಲಿನಲ್ಲೇ ಇದ್ದರು. ಈಗ ವಿಷಯ ನೀರು. ಇದೊಂದನ್ನು ಅವರು ಯಾರನ್ನೂ ಮೆಚ್ಚಿಸಲು ಹೇಳಿದ್ದಲ್ಲ. ಒಣಗಿದ ಕೂಳೆ ಕಬ್ಬಿನ ಮುಂದೆ ನಿಂತಾಗ ಅವರ ಬಾಯಿಂದ ಅಭಿವೃದ್ಧಿಯೂ ಬರಲಿಲ್ಲ, ಚರಂಡಿಯೂ ಬರಲಿಲ್ಲ.

2024ರ ಲೋಕಸಭಾ ಚುನಾವಣೆಗೆ ಮಂಡ್ಯ ಮತ್ತೆ ಮಗ್ಗುಲು ಬದಲಿಸಿ ಕುಮಾರಸ್ವಾಮಿಯವರನ್ನು ಎರಡೂಮುಕ್ಕಾಲು ಲಕ್ಷಕ್ಕೂ ಮೀರಿದ ಅಂತರದಲ್ಲಿ ಗೆಲ್ಲಿಸಿತು. ಅದು ಆಮೇಲಿನ ಮಾತು. ಏಪ್ರಿಲ್ 26ರ ಮತದಾನಕ್ಕೆ ಮುಂಚೆ ಒಂದು ಪಕ್ಷದ ಹುಡುಗರು ನೋಟ್‌ಬುಕ್ ಹಿಡಿದು ಬಂದಾಗ ಯಜಮಾನರು ಹೊಸ ಸರಕಿನೊಂದಿಗೆ ಸಿದ್ಧರಿದ್ದರು. ಸಂತೇಮರಹಳ್ಳಿಯ ಒಂದರ ಜೊತೆಗೆ ಈಗ ಜಯನಗರದ ಹದಿನಾರೂ ಇತ್ತು. 2023ರಲ್ಲಿ ಅಲ್ಲಿ ರಾಮಮೂರ್ತಿಯವರು ಗೆದ್ದದ್ದು ಬರೀ ಹದಿನಾರು ವೋಟಿನಲ್ಲಿ. ಅದಕ್ಕಿಂತ ಮುಖ್ಯ, ದೊಡ್ಡ ಮಗನ ಮಗನಿಗೆ ಹದಿನೆಂಟು ತುಂಬಿತ್ತು.

ಹುಡುಗರು ಕೈಮುಗಿದು, 'ಅಕ್ಕ ಅವ್ರಾ?' ಅಂದರು.

'ಏನಿದ್ರೂ ನಂತಾವ ಯೋಳಿ' ಅಂದರು ಯಜಮಾನರು.

'ಇಲ್ಲ ಅಣ್ಣ, ಒಂಚೂರು ಅಕ್ಕನ್ನೂ ಅಜ್ಜಿನೂ ಮಾತಾಡ್ಸ್ಬೇಕಿತ್ತು.' ಅಷ್ಟರಲ್ಲಿ ಇಬ್ಬರು ಒಳಗೆ ಹೋಗಿಯೇ ಬಿಟ್ಟಿದ್ದರು. ಹೊರಗೆ ಉಳಿದವನಿಗೆ ಯಜಮಾನರು ಟವಲ್ಲು ಕೊಡವಿ ಹೇಳಿದರು: 'ಬರ್ಕೊ. ಈ ಸಲ ಹನ್ನೆರಡು.'

ಅವನು ಹನ್ನೆರಡು ಎಂದು ಬರೆಯುವ ಹೊತ್ತಿಗೆ ಒಳಗಿನಿಂದ ಹೆಂಡತಿಯ ದನಿ ಬಂತು.

'ಒಂದು ಅಂತ ಬರ್ಕಳಪ್ಪ, ಅದು ಇವರ್ದು. ಮಿಕ್ಕವು ನಾವ್ ನೋಡ್ಕತೀವಿ.'